ಬೇಸ್‌ಮೆಂಟಿನವರಿಗೆ ಬೆಲ್ಲ

ನಾನು ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ವರ್ಷಗಳಲ್ಲಿ, ನನ್ನ ವಿಷಯ ಯಾವುದೆಂದು ಯಾರಾದರೂ ಕೇಳಿದರೆ ಉತ್ತರ ಕೊಡುವ ಹಕ್ಕು ನನಗಿರಲಿಲ್ಲ. ಅದನ್ನು ಅತ್ಯಾ ತನ್ನ ಕೈಗೆ ತೆಗೆದುಕೊಂಡಿದ್ದಳು. ಅತ್ಯಾ ಅಂದರೆ ನನ್ನ ಅಪ್ಪನ ಅಕ್ಕ. ಧಾರವಾಡದಿಂದ ಬಂದ ನಾನು ವಾಕಡದಲ್ಲಿ ಅವಳ ಮತ್ತು ಅವಳ ಗಂಡ ಮಾಮಾನ ಫ್ಲ್ಯಾಟಿನಲ್ಲಿ ಇದ್ದೆ. ಲಿಫ್ಟಿನಲ್ಲಿ ಸಿಕ್ಕವರು ಹುಡುಗಿ ಏನು ಓದುತ್ತಾಳೆ ಎಂದು ವಿಚಾರಿಸಿದರೆ, ನಾನು ಬಾಯಿ ತೆರೆಯುವ ಮೊದಲೇ ಅತ್ಯಾ ಮರಾಠಿಯಲ್ಲಿ, ನೀರಿನ ಮೇಲೆ ರಿಸರ್ಚ್ ಮಾಡುತ್ತಾಳೆ ಎಂದು ಹೇಳಿ ಮುಗಿಸುತ್ತಿದ್ದಳು. ಕೇಳಿದವರ ಮುಖದಲ್ಲಿ ಗೌರವ ಮೂಡುತ್ತಿತ್ತು. ನದಿ, ಕೆರೆ, ಮಳೆಕೊಯ್ಲು ಎಂದೆಲ್ಲ ಅಂದುಕೊಂಡು ತಮ್ಮ ತಮ್ಮ ಮಹಡಿಯಲ್ಲಿ ಇಳಿದುಹೋಗುತ್ತಿದ್ದರು. ಯಾವ ನೀರು ಎಂದು ಕೇಳುವಷ್ಟು ಪುರುಸೊತ್ತನ್ನು ಆ ಲಿಫ್ಟು ಯಾರಿಗೂ ಕೊಡಲಿಲ್ಲ.

ಅದು ಚರಂಡಿ ನೀರು. ಮನೆಮನೆಯ ಬಚ್ಚಲು, ಪಾಯಖಾನೆ, ಅಡುಗೆಮನೆಗಳಿಂದ ಹರಿದುಹೋಗುವ ನೀರನ್ನು ಒಂದು ದೊಡ್ಡ ತೊಟ್ಟಿಯಲ್ಲಿ ಹಿಡಿದು, ಅದಕ್ಕೆ ಗಾಳಿ ಊದಿ, ಅದರಲ್ಲಿ ಬ್ಯಾಕ್ಟೀರಿಯಾ ಸಾಕುತ್ತಾರೆ. ಅವು ಕೊಳೆಯನ್ನು ತಿಂದು ಬದುಕುತ್ತವೆ. ತೊಟ್ಟಿಯೊಳಗೆ ಮೆಂಬ್ರೇನ್ ಎಂಬ ಪೊರೆಯ ಎಳೆಗಳನ್ನು ಗೊಂಚಲು ಗೊಂಚಲಾಗಿ ಇಳಿಬಿಟ್ಟಿರುತ್ತಾರೆ; ಒಣಗಲು ಹಾಕಿದ ಶಾವಿಗೆಯ ಹಾಗೆ ಕಾಣುವ ಈ ಎಳೆಗಳ ಒಳಗೆ ಟೊಳ್ಳು. ಪಂಪು ಆ ಟೊಳ್ಳಿನ ಮೂಲಕ ನೀರನ್ನು ಹೀರಿದರೆ ತಿಳಿಯಾದ ನೀರು ಮಾತ್ರ ಒಳಗೆ ಬರುತ್ತದೆ. ಬ್ಯಾಕ್ಟೀರಿಯಾ ಮತ್ತು ಕೊಳೆ ಹೊರಗೇ ಉಳಿಯುತ್ತವೆ. ಹೊರಗೆ ಉಳಿದವು ಸುಮ್ಮನಿರುವುದಿಲ್ಲ ಎನ್ನುವುದೇ ತೊಂದರೆ. ಲೋಳೆ ಬಿಟ್ಟು ಎಳೆಗಳಿಗೆ ಮೆತ್ತಿಕೊಳ್ಳುತ್ತವೆ. ಚಹಾ ಸೋಸುವ ಜಾಳಿ ಕಟ್ಟಿಕೊಂಡಂತೆ ಇಡೀ ಗೊಂಚಲು ಕಟ್ಟಿಕೊಂಡು, ಪಂಪು ಎಷ್ಟು ಎಳೆದರೂ ನೀರು ಬರದಂತಾಗುತ್ತದೆ. ಇದಕ್ಕೆ ನಮ್ಮವರು ಫೌಲಿಂಗ್ ಅನ್ನುತ್ತಾರೆ. ಅದು ಯಾಕೆ ಆಗುತ್ತದೆ, ಯಾವಾಗ ಆಗುತ್ತದೆ ಎನ್ನುವುದು ನನ್ನ ಪಿಎಚ್‌ಡಿ. ಹೀಗೆ ಬಿಡಿಸಿ ಹೇಳಿದ ದಿನ ಅತ್ಯಾ ಪೂರ್ತಿ ಕೇಳಿಸಿಕೊಂಡು, ಇದನ್ನು ಊರಿನವರಿಗೆ ಫೋನಿನಲ್ಲಿ ಹೇಳಬೇಡ ಎಂದಷ್ಟೇ ಅಂದಳು.

ಮೊದಲ ವರ್ಷ ನನ್ನದು ಕಾಲೇಜಿನ ಲ್ಯಾಬಿನಲ್ಲಿ ಮೇಜಿನ ಮೇಲೆ ಕೂರುವಷ್ಟು ಸಣ್ಣ ತೊಟ್ಟಿ. ಅದಕ್ಕೆ ನಿಜವಾದ ಚರಂಡಿ ನೀರು ಹಾಕುತ್ತಿರಲಿಲ್ಲ. ಕೃತಕವಾದದ್ದನ್ನು ನಾವೇ ತಯಾರಿಸುತ್ತಿದ್ದೆವು. ಹಾಲಿನ ಪುಡಿ, ಸಕ್ಕರೆ, ಹಿಟ್ಟು, ಚೂರು ಯೂರಿಯಾ, ಇನ್ನೂ ಕೆಲವು ಲವಣಗಳನ್ನು ಅಳತೆ ಮಾಡಿ ಕಲಸುವುದು. ಇದು ಅತ್ಯಾನ ಕಿವಿಗೆ ಬಿದ್ದಾಗ ಅವಳು ಮಾಮಾನನ್ನು ಕರೆದು ಹೇಳಿದಳು: "ಕೇಳಿದ್ರೇನು? ಮನ್ಯಾಗ ಒಂದು ಚಹಾ ಮಾಡಲಿಕ್ಕೆ ಬರಂಗಿಲ್ಲ, ಅಲ್ಲಿ ಹುಳಗೋಳಿಗೆ ಹಾಲು ಸಕ್ಕರಿ ಕಲಸಿ ಉಣಸ್ತಾಳಂತ."

ಅಡುಗೆಯ ವಿಷಯದಲ್ಲಿ ಅತ್ಯಾನ ಎದುರು ವಾದಿಸುವ ಯೋಗ್ಯತೆ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ಮಾಮಾ ಭೋಸರಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, ನಮ್ಮ ಕಡೆಯಿಂದ ಬಂದು ಅಲ್ಲಿ ದುಡಿಯುತ್ತಿದ್ದ ಒಂಟಿ ಗಂಡಸರಿಗೆ ಅವಳು ವರ್ಷಗಟ್ಟಲೆ ಡಬ್ಬಿ ಕಟ್ಟಿದ್ದಳು. ರೊಟ್ಟಿ, ಪಲ್ಯ, ಝುಣಕ, ಶೇಂಗಾಚಟ್ನಿ. ಮಾಮಾ ನಿವೃತ್ತರಾಗಿ ವಾಕಡಕ್ಕೆ ಬಂದಮೇಲೆ ಡಬ್ಬಿ ನಿಂತಿತು, ಆದರೆ ಕೈ ನಿಲ್ಲಲಿಲ್ಲ. ಮೂವರಿಗೆ ಅಡುಗೆ ಮಾಡು ಎಂದರೆ ಅವಳಿಗೆ ಆಗುತ್ತಲೇ ಇರಲಿಲ್ಲ. ಉಳಿದದ್ದನ್ನು ನಾವು ಮೂವರೂ ಮರುದಿನ ಉಣ್ಣುತ್ತಿದ್ದೆವು. ಆ ಮರುದಿನ ಹೊಸದಾಗಿ ಉಳಿಯುತ್ತಿತ್ತು.

ನನ್ನ ಗೈಡ್ ಮೇಡಂ ಪುಣೆಯವರೇ. ಮಾತು ಕಡಿಮೆ. ಆಡಿದ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಾವು ನಮ್ಮ ಇಡೀ ಜೀವನದ ತಪ್ಪುಗಳನ್ನು ನೆನಪಿಸಿಕೊಳ್ಳುವಷ್ಟು ಅಂತರ ಬಿಡುತ್ತಿದ್ದರು. ವರ್ಷದ ಕೊನೆಗೆ ಅವರು ನನ್ನ ತೊಟ್ಟಿಯ ಅಂಕಿಅಂಶಗಳನ್ನು ನೋಡಿ, ಇವು ಬಹಳ ಮುದ್ದಿನ ಬ್ಯಾಕ್ಟೀರಿಯಾ, ಹೊತ್ತಿಗೆ ಸರಿಯಾಗಿ ಹಾಲುಸಕ್ಕರೆ ಕುಡಿಯುವವು, ಇವುಗಳಿಂದ ಲೋಕದ ಸಂಗತಿ ತಿಳಿಯುವುದಿಲ್ಲ ಎಂದರು. ಆಮೇಲೆ ಬಹಳ ಹೊತ್ತು ಬಿಟ್ಟು, ನಿಜವಾಗಿ ಜನ ಬಳಸುವ ಒಂದು ಪ್ಲಾಂಟ್ ಹುಡುಕು ಎಂದರು.

ಹುಡುಕುವುದಕ್ಕೆ ದೂರ ಹೋಗಬೇಕಿರಲಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಬೇಸ್‌ಮೆಂಟಿನಲ್ಲೇ ಅಂಥದ್ದೊಂದು ಪ್ಲಾಂಟ್ ಇತ್ತು. ಎಲ್ಲ ಮನೆಗಳ ಕೊಳಕು ನೀರು ಅಲ್ಲಿಗೆ ಹೋಗಿ, ತಿಳಿಯಾಗಿ, ಫ್ಲಶ್‌ಗೂ ತೋಟಕ್ಕೂ ಮರಳಿ ಬರುತ್ತಿತ್ತು. ಮಾಮಾ ಸೊಸೈಟಿ ಕಮಿಟಿಯ ಸೆಕ್ರೆಟರಿ. ಅನುಮತಿ ಕೇಳಿದಾಗ ಅವರು ನನ್ನನ್ನು ಮನೆಯ ಹುಡುಗಿಯಂತೆ ನೋಡದೆ, ಕನ್ನಡಕ ಏರಿಸಿ, ಅರ್ಜಿ ಕೊಡಬೇಕಾಗ್ತದ ಎಂದರು. ಊಟದ ಮೇಜಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅರ್ಜಿ ಸರಿಸಿದೆ. ಮಜ್ಜಿಗೆ ಮುಗಿಯುವಷ್ಟರಲ್ಲಿ ಮಂಜೂರಾಯಿತು.

ಪ್ಲಾಂಟ್ ನೋಡಿಕೊಳ್ಳಲು ಒಬ್ಬ ಆಪರೇಟರ್ ಇದ್ದ. ನಲವತ್ತರ ಆಸುಪಾಸಿನವನು. ಮೊದಲ ದಿನ ನಾನು ಮರಾಠಿಯಲ್ಲಿ ಮಾತಾಡಿಸಿದೆ, ಅವನು ಹಿಂದಿಯಲ್ಲಿ ಉತ್ತರ ಕೊಟ್ಟ. ಹೀಗೆ ಇಬ್ಬರೂ ತಮ್ಮದಲ್ಲದ ಭಾಷೆಯಲ್ಲಿ ಕಷ್ಟಪಡುತ್ತಿರುವಾಗ ಅವನಿಗೊಂದು ಫೋನ್ ಬಂತು. ಎತ್ತಿಕೊಂಡವನೇ, "ಹೇಳವ್ವಾ, ಊಟ ಆತೇನು" ಅಂದ. ಯಾದಗಿರಿ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಹೆಂಡತಿ ಮಕ್ಕಳೊಂದಿಗೆ ಪುಣೆಗೆ ಬಂದು, ನಮ್ಮ ಗೇಟಿನ ಕಾವಲಿಗೆ ಸೇರಿ, ಅಲ್ಲಿಂದ ಕೆಳಗಿನ ಪ್ಲಾಂಟಿಗೆ ಬಡ್ತಿ ಪಡೆದಿದ್ದ. ಅದನ್ನು ಬಡ್ತಿ ಎಂದು ಕರೆದವರು ಮಾಮಾ. ಅವನಿಗೆ ಇನ್ನೂ ಒಪ್ಪಿಗೆಯಿರಲಿಲ್ಲ. ಚರಂಡಿ ನೀರಿನ ಜೊತೆ ದಿನ ಕಳೆಯುವ ಮನುಷ್ಯನಿಗೆ ವಾಸನೆ ಅಂದರೆ ಅಷ್ಟು ಹೇಸಿಕೆ ಇರಬಹುದೆಂದು ನಾನು ಎಣಿಸಿರಲಿಲ್ಲ. ಮೂಗಿಗೆ ಅತ್ತರು ಹಚ್ಚಿದ ವಸ್ತ್ರ ಕಟ್ಟಿಕೊಂಡು, ತೊಟ್ಟಿಯ ಹತ್ತಿರ ಹೋಗುವುದು ತಪ್ಪಿಸಲು ದೂರದಿಂದಲೇ ಕೋಲಿನಲ್ಲಿ ಸ್ವಿಚ್ ಒತ್ತುತ್ತಿದ್ದ. ನಾನು ತೊಟ್ಟಿಗೆ ಬಾಗಿ ಶೀಶೆಯಲ್ಲಿ ಕಂದು ನೀರು ತುಂಬಿಕೊಂಡು ಬೆಳಕಿಗೆ ಹಿಡಿದು ನೋಡುವುದನ್ನು ಕಂಡು ಅವನು ಮುಖ ತಿರುಗಿಸಿ ನಿಂತುಬಿಟ್ಟ.

"ಅಕ್ಕೋರ, ನಿಮ್ಮ ಮನಿಯಾಗ ಇದಕ್ಕ ಹೂಂ ಅಂದಾರೇನ್ರಿ?" ಎಂದು ಕೇಳಿದ.

ಅಂದಾರ ಎಂದೆ. ಅವನಿಗೆ ನಮ್ಮ ಮನೆಯವರ ಬಗ್ಗೆ ಸ್ವಲ್ಪ ಮರುಕ ಬಂದಂತೆ ಕಂಡಿತು.

ಪಂಪಿನ ಕೊಳವೆಗೆ ಒಂದು ಗೇಜು ಇತ್ತು. ಎಳೆಗಳು ಕಟ್ಟಿಕೊಂಡಷ್ಟೂ ಪಂಪು ಜೋರಾಗಿ ಹೀರಬೇಕು, ಹೀರಿದಷ್ಟೂ ಗೇಜಿನ ಮುಳ್ಳು ಮೇಲೇರಬೇಕು. ದಿನವೂ ಹೋಗಿ ಆ ಮುಳ್ಳನ್ನು ನೋಡುವುದು, ನೀರಿನ ಮಾದರಿ ತುಂಬಿಕೊಂಡು ಲ್ಯಾಬಿಗೆ ಒಯ್ದು ಅದರಲ್ಲಿ ಲೋಳೆ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಬಸ್ಸಿನಲ್ಲಿ ಆ ಶೀಶೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಒಮ್ಮೆ ಪಕ್ಕದ ಹೆಂಗಸು ಕಷಾಯವೇ ಎಂದು ಕೇಳಿದರು. ಹೌದು ಅಂದುಬಿಟ್ಟೆ. ಯಾವುದಕ್ಕೆ ಒಳ್ಳೆಯದು ಎಂದು ಅವರು ಮುಂದುವರಿಸಿದಾಗ ಒಂದು ಸ್ಟಾಪು ಮೊದಲೇ ಇಳಿದೆ.

ಪ್ಲಾಂಟ್ ಕಟ್ಟಿಕೊಂಡಾಗ ಫ್ಲಶ್‌ಗೆ ನೀರು ಬರುತ್ತಿರಲಿಲ್ಲ, ಆಗ ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಎಲ್ಲರೂ ವಿಜ್ಞಾನಿಗಳಾಗುತ್ತಿದ್ದರು. ಒಬ್ಬರಿಗೆ ನಾಯಿ ಸಾಕಿದವರ ಮೇಲೆ ಸಂಶಯ, ಇನ್ನೊಬ್ಬರಿಗೆ ಬಾಡಿಗೆಗೆ ಇರುವ ಐಟಿ ಹುಡುಗರ ಮೇಲೆ. ಅತ್ಯಾನಿಗೆ ಮೇಲಿನ ಮಹಡಿಯಲ್ಲಿ ವಾರವಾರವೂ ಬಟಾಟೆ ಚಿಪ್ಸ್ ಕರಿಯುವವಳ ಮೇಲೆ. ನನ್ನ ಅಂದಾಜೂ ಅತ್ಯಾನದಕ್ಕಿಂತ ಬಹಳ ದೂರವಿರಲಿಲ್ಲ. ಆದರೆ ನಾನು ಅದನ್ನು ಹೈಪಾಥಿಸಿಸ್ ಎಂದು ಕರೆಯುತ್ತಿದ್ದೆ. ಕರಿದ ಎಣ್ಣೆ ಸಿಂಕಿಗೆ ಸುರಿದರೆ ಜಿಡ್ಡು ಹೋಗಿ ಎಳೆಗಳಿಗೆ ಅಂಟುತ್ತದೆ, ದೀಪಾವಳಿಯಲ್ಲಿ ಎಲ್ಲ ಮನೆಯಲ್ಲೂ ಕರಿಯುತ್ತಾರೆ, ಆದ್ದರಿಂದ ಆ ವಾರ ಮುಳ್ಳು ಏರಬೇಕು. ಮೇಡಂ ಎದುರು ಇದನ್ನು ಚಿತ್ರ ಬರೆದು ವಿವರಿಸಿದೆ. ಅವರು, ನೋಡೋಣ ಅಂದರು.

ನಾನು ಲಿಫ್ಟಿನಲ್ಲಿ ನೋಟಿಸ್ ಅಂಟಿಸಿದೆ: ಕರಿದ ಎಣ್ಣೆ ಸಿಂಕಿಗೆ ಸುರಿಯಬೇಡಿ. ಹಬ್ಬದ ಮುಂಚೆ ಇದನ್ನು ಓದಿದವರು ನಕ್ಕರು, ಕೆಲವರಿಗೆ ಸಿಟ್ಟೂ ಬಂತು. ನಮ್ಮ ಮನೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಅತ್ಯಾ ಚಕ್ಕಲಿ, ಕರಚಿಕಾಯಿ, ಶೇವು ಕರಿಯುತ್ತಿದ್ದಾಗ ನಾನು ಒಂದು ಡಬ್ಬ ಹಿಡಿದುಕೊಂಡು ಅವಳ ಹಿಂದೆ ನಿಂತಿರುತ್ತಿದ್ದೆ. ಬಾಣಲೆ ಒಲೆಯಿಂದ ಇಳಿದರೆ ಸಾಕು, ಕೈ ಚಾಚುತ್ತಿದ್ದೆ. ಕೊನೆಗೆ ಅವಳು ಕರಿಯುವ ಜಾರಾಸೌಟು ಹಿಡಿದೇ ತಿರುಗಿದಳು. "ಇಷ್ಟು ವರ್ಷ ಸಂಸಾರ ಮಾಡೇನಿ, ಒಂದು ಹನಿ ಎಣ್ಣಿ ಚೆಲ್ಲಿಲ್ಲ ನಾ. ಮ್ಯಾಲಿನ ಮನಿಗೆ ಹೋಗಿ ನಿಂದ್ರು," ಎಂದಳು. ಮೇಲಿನ ಮನೆಗೂ ಹೋಗಿ ನಿಂತೆ. ಆಕೆ ಒಂದು ತಟ್ಟೆ ಚಿಪ್ಸ್ ಕೊಟ್ಟು ಕಳಿಸಿದರು. ಚೆನ್ನಾಗಿದ್ದವು.

ಹಬ್ಬದ ಮುಂಚಿನ ವಾರವಿಡೀ ಕಟ್ಟಡದ ತುಂಬ ಎಣ್ಣೆಯ ಘಮ. ನಾನು ದಿನಾ ಬೆಳಿಗ್ಗೆ ಬೇಸ್‌ಮೆಂಟಿಗೆ ಓಡುತ್ತಿದ್ದೆ. ಮುಳ್ಳು ಇದ್ದಲ್ಲೇ ಇತ್ತು. ಅಡುಗೆಮನೆಗಳ ನೀರು ಮೊದಲು ಜಿಡ್ಡು ಹಿಡಿಯುವ ಒಂದು ತೊಟ್ಟಿಗೆ ಹೋಗುತ್ತದೆ, ಅಲ್ಲಿ ಎಣ್ಣೆ ತೇಲಿ ಉಳಿಯುತ್ತದೆ. ಆ ತೊಟ್ಟಿ ತನ್ನ ಕೆಲಸ ತಾನು ಮಾಡುತ್ತಿತ್ತು. ಊರೆಲ್ಲ ಚಕ್ಕಲಿ ಕರಿದರೂ ಮುಳ್ಳು ಅಲುಗಲಿಲ್ಲ.

ನರಕ ಚತುರ್ದಶಿ ಮುಗಿದದ್ದೇ ಜನ ಊರಿಗೆ ಹೊರಟರು. ಸಾತಾರಾ, ನಾಗಪುರ, ಲಾತೂರು, ಬೆಳಗಾವಿ ಎಂದು ಬ್ಯಾಗು ಎಳೆದುಕೊಂಡು ಹೋದಮೇಲೆ ಸೊಸೈಟಿಯಲ್ಲಿ ದೀಪದ ಸರಗಳು ಮಾತ್ರ ಉಳಿದವು. ಯಾರೂ ಇಲ್ಲ, ಯಾರೂ ಕರಿಯುತ್ತಿಲ್ಲ, ಯಾರೂ ಸ್ನಾನವನ್ನೂ ಮಾಡುತ್ತಿಲ್ಲ. ಪ್ಲಾಂಟಿಗೆ ವಿಶ್ರಾಂತಿ ಸಿಕ್ಕಿತು ಎಂದು ಅಂದುಕೊಂಡು ನಾನೂ ನಿದ್ದೆ ಮಾಡಿದೆ. ಕೆಲವು ದಿನ ಬಿಟ್ಟು ಕೆಳಗೆ ಹೋದರೆ ಆಪರೇಟರ್ ಮೂಗಿನ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ, ಅಷ್ಟು ಗಾಬರಿ. ಮುಳ್ಳು ಏರಿ ಕೆಂಪು ಗೆರೆ ಮುಟ್ಟಿತ್ತು.

ನನಗೆ ಅರ್ಥವಾಗಲಿಲ್ಲ. ಕಟ್ಟಡ ತುಂಬಿದ್ದಾಗ ಸುಮ್ಮನಿದ್ದದ್ದು, ಖಾಲಿಯಾದಾಗ ಯಾಕೆ ಕಟ್ಟಿಕೊಂಡಿತು? ಮಾದರಿ ಒಯ್ದು ಅಳೆದೆ. ಲೋಳೆ ಹಿಂದೆಂದೂ ಇಲ್ಲದಷ್ಟಿತ್ತು. ತಪ್ಪು ಮಾಡಿದೆನೇನೋ ಎಂದು ಮತ್ತೆ ಅಳೆದೆ. ಮತ್ತೆ ಅಷ್ಟೇ. ಹೆದರಿಕೊಂಡೇ ಮೇಡಂ ಬಳಿ ಹೋಗಿ, ನನ್ನ ಹೈಪಾಥಿಸಿಸ್ ಬಿದ್ದುಹೋಯಿತು ಎಂದು ಹೇಳಿದೆ. ಅವರು ಆ ವಿಷಯಕ್ಕೆ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ಎಂದಿನ ಅಂತರ ಬಿಟ್ಟರು.

"ಈ ದಿನಗಳಲ್ಲಿ ಅವು ಏನು ತಿಂದವು?" ಎಂದು ಮರಾಠಿಯಲ್ಲಿ ಕೇಳಿದರು.

ಏನೂ ತಿಂದಿರಲಿಲ್ಲ. ಮನೆಗಳಲ್ಲಿ ಜನರಿಲ್ಲದಿದ್ದರೆ ಕೊಳಕು ನೀರು ಬರುವುದಿಲ್ಲ, ಕೊಳಕು ನೀರು ಬರದಿದ್ದರೆ ಬ್ಯಾಕ್ಟೀರಿಯಾಕ್ಕೆ ಊಟವಿಲ್ಲ. ಗಾಳಿಯ ಯಂತ್ರ ಮಾತ್ರ ಯಾವಾಗಿನಂತೆ ಊದುತ್ತಲೇ ಇತ್ತು. ಹಸಿದ ಬ್ಯಾಕ್ಟೀರಿಯಾ ತಮ್ಮ ಮೈಯನ್ನೇ ಕರಗಿಸಿಕೊಂಡು ಬದುಕುತ್ತವೆ, ಕೆಲವು ಸತ್ತು ಒಡೆಯುತ್ತವೆ, ಒಳಗಿದ್ದದ್ದೆಲ್ಲ ಲೋಳೆಯಾಗಿ ನೀರಿಗೆ ಬಂದು ಎಳೆಗಳಿಗೆ ಮೆತ್ತುತ್ತದೆ. ಪುಸ್ತಕದಲ್ಲಿ ಇದನ್ನು ನಾನು ಓದಿದ್ದೆ. ಆದರೆ ನಮ್ಮ ಕಟ್ಟಡದ ಕೆಳಗೇ, ನಾವು ಹಬ್ಬದ ತಿಂಡಿ ಫರಾಳ ತಿನ್ನುತ್ತ ಕೂತಿದ್ದಾಗ, ಇದು ನಡೆದಿರಬಹುದೆಂದು ಹೊಳೆದಿರಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಮಾಮಾ, ಹಂಗಾದ್ರ ಎಣ್ಣಿ ನೋಟಿಸ್ ತೆಗಸಬೇಕು ಎಂದು ಕಮಿಟಿಯ ದೃಷ್ಟಿಯಿಂದ ನುಡಿದರು. ಅತ್ಯಾ ಬಡಿಸುತ್ತಿದ್ದ ಸೌಟನ್ನು ಕೈಯಲ್ಲೇ ಹಿಡಿದಿದ್ದಳು.

"ಉಪವಾಸ ಇದ್ವೇನು?" ಎಂದಳು.

ಹೌದು ಎಂದೆ.

"ಇಷ್ಟೂ ದಿನ? ನಮ್ಮ ಮನಿ ಕೆಳಗ?"

ಬ್ಯಾಕ್ಟೀರಿಯಾ ಎಂದರೆ ಕಣ್ಣಿಗೆ ಕಾಣದಂಥವು, ಅವಕ್ಕೆ ಹಸಿವು ನೋವು ನಮ್ಮ ಹಾಗೆ ಗೊತ್ತಾಗುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅದು ಅವಳ ಕಿವಿಗೆ ಹೋಗಲಿಲ್ಲ. ಅಲ್ಲಿಯವರೆಗೆ ನನ್ನ ವಿಷಯದ ಬಗ್ಗೆ ಏನನ್ನೂ ಕೇಳದ ಅತ್ಯಾ, ಅವತ್ತು ಮೊದಲ ಬಾರಿಗೆ ಪ್ರಶ್ನೆಗಳನ್ನು ಕೇಳಿದಳು. ಅವು ಏನು ತಿನ್ನುತ್ತವೆ, ಎಷ್ಟು ಹೊತ್ತಿಗೊಮ್ಮೆ, ಸಿಹಿ ಆಗುತ್ತದೆಯೇ, ಹಳಸಿದ್ದು ನಡೆಯುತ್ತದೆಯೇ. ನಾನು ಉತ್ತರಿಸುತ್ತಾ ಹೋದೆ. ನನ್ನ ಪ್ರೀ-ಪಿಎಚ್‌ಡಿ ಪರೀಕ್ಷೆಯಲ್ಲಿ ಇಷ್ಟು ಗಟ್ಟಿ ಪ್ರಶ್ನೆಗಳು ಬಂದಿರಲಿಲ್ಲ.

ಜನ ಊರಿಗೆ ಹೋಗುವ ರಜೆಗಳಲ್ಲಿ ಗಾಳಿ ಕಡಿಮೆ ಮಾಡಿ, ಹೊರಗಿನಿಂದ ಊಟ ಕೊಟ್ಟರೆ ಲೋಳೆ ಕಡಿಮೆಯಾಗುತ್ತದೆಯೇ ಎಂದು ನೋಡುವುದು ಮುಂದಿನ ಹೆಜ್ಜೆ. ಚಳಿಗಾಲವಿಡೀ ಲ್ಯಾಬಿನ ಸಣ್ಣ ತೊಟ್ಟಿಯಲ್ಲಿ ಉಪವಾಸ ಕೆಡವಿ, ಉಣಿಸಿ, ಅಳೆದು ಲೆಕ್ಕ ಹಾಕಿದೆ. ಊಟಕ್ಕೆ ಬೆಲ್ಲ ಮತ್ತು ಚೂರು ಯೂರಿಯಾ ಎಂದು ಮೇಡಂ ಒಪ್ಪಿದರು. ಇಂಥ ಪ್ಲಾಂಟ್‌ಗಳಲ್ಲಿ ಬೆಲ್ಲ ಹಾಕುವುದು ಹೊಸದೇನಲ್ಲ. ಎಷ್ಟು, ಯಾವಾಗ ಎನ್ನುವುದನ್ನು ಸರಿಯಾಗಿ ಅಳೆದವರು ಕಡಿಮೆ. ಮೇ ತಿಂಗಳ ರಜೆಗೆ ಸೊಸೈಟಿ ಖಾಲಿಯಾಗುವ ಹೊತ್ತಿಗೆ ನಾವು ತಯಾರಾದೆವು.

ಬೆಲ್ಲ ತರುವ ಕೆಲಸವನ್ನು ಅತ್ಯಾ ಯಾರಿಗೂ ಬಿಟ್ಟುಕೊಡಲಿಲ್ಲ. ನಾನು ಅಂಗಡಿಯ ಮುರುಕು ಬೆಲ್ಲ ಸಾಕು ಎಂದರೆ, ಅವಳು ಕೊಲ್ಲಾಪುರದ ಬೆಲ್ಲದ ಪೆಂಟೆಯನ್ನೇ ತರಿಸಿ, ಮೂಸಿ, ಚೂರು ಬಾಯಿಗೆ ಹಾಕಿಕೊಂಡು ನೋಡಿದಳು. ನಾನು ತೂಕ ಮಾಡಿ ಪೊಟ್ಟಣ ಕಟ್ಟಿಟ್ಟು, ದಿನಕ್ಕೊಂದರಂತೆ ನೀರಿನಲ್ಲಿ ಕರಗಿಸಿ ಹಾಕಲು ಆಪರೇಟರನಿಗೆ ಹೇಳಿದೆ. ಅತ್ಯಾ ಒಂದು ಪೊಟ್ಟಣವನ್ನು ಅಂಗೈ ಮೇಲಿಟ್ಟು ತೂಗಿದಳು. ಅಷ್ಟೂ ಜನಕ್ಕೆ ಇಷ್ಟೇ ಏನು ಎಂದಳು. ಸಾಕಾಗುತ್ತದೆ ಎಂದೆ. ಆಗ ಅವಳ ಮುಖದಲ್ಲಿ ಮೂಡಿದ್ದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಮೊದಲ ವಾರ ಮುಳ್ಳು ಸುಮ್ಮನಿತ್ತು. ನನ್ನ ಖುಷಿ ಹೇಳತೀರದು. ಮೇಡಂ ಕೂಡ ಒಮ್ಮೆ ಬಂದು ಪ್ಲಾಂಟ್ ನೋಡುತ್ತೇನೆ ಎಂದರು. ಅವರು ಬರುವ ದಿನ ಬೆಳಿಗ್ಗೆ ಮಾಮಾನ ಫೋನು ಟಣ್ ಟಣ್ ಎನ್ನತೊಡಗಿತು. ಬೇಸ್‌ಮೆಂಟಿನ ಗಾಳಿಕಂಡಿಯ ಕಬ್ಬಿಣದ ಜಾಳಿಗೆಯಿಂದ ನೊರೆ ಉಕ್ಕಿ ಪಾರ್ಕಿಂಗ್ ತುಂಬ ಹರಡುತ್ತಿತ್ತು. ಕಂದುಬಿಳಿ ನೊರೆ, ಬಚ್ಚಲಿನ ಸಾಬೂನಿನ ನೊರೆಗಿಂತ ಗಟ್ಟಿ. ಯಾರದೋ ಕೆಂಪು ಕಾರಿನ ಗಾಲಿಗಳು ಅದರಲ್ಲಿ ಮುಳುಗಿದ್ದವು. ಇನ್ನೂ ಊರಿಗೆ ಹೋಗದೆ ಉಳಿದಿದ್ದ ಒಬ್ಬರು ಗ್ರೂಪಿನಲ್ಲಿ ಫೋಟೋ ಹಾಕಿ, ಈ ಸಲ ಲೋಣಾವಳಾ ಬೆಟ್ಟಕ್ಕೆ ಹೋಗುವ ಖರ್ಚಿಲ್ಲ, ಮೋಡ ಇಲ್ಲಿಗೇ ಇಳಿದಿದೆ ಎಂದು ಬರೆದಿದ್ದರು. ನಾನು ಕೆಳಗೆ ಓಡಿದೆ. ಮುಳ್ಳು ಮತ್ತೆ ಕೆಂಪು ಗೆರೆಯ ಹತ್ತಿರವಿತ್ತು. ತೊಟ್ಟಿಯ ನೀರು ಲೋಳೆಸರದ ತಿರುಳಿನಂತೆ ದಪ್ಪಗಾಗಿತ್ತು.

ಆಪರೇಟರನನ್ನು ಕೇಳಿದರೆ ಅವನು ಅತ್ತ ಇತ್ತ ನೋಡಿದ. ನೀವು ಕೊಟ್ಟಿದ್ದು ಹಾಕೀನ್ರಿ ಎಂದ. ಆಮೇಲೆ, ಅಮ್ಮಾರು ಕೊಟ್ಟಿದ್ದೂ ಹಾಕೀನ್ರಿ ಎಂದ.

ಅಷ್ಟರಲ್ಲಿ ಮೇಡಂ ಬಂದೇ ಬಿಟ್ಟರು. ನೊರೆಯ ಅಂಚಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತು ನೋಡಿದರು. ಆಗಲೇ ಲಿಫ್ಟಿನ ಬಾಗಿಲು ತೆರೆದು ಅತ್ಯಾ ಹೊರಬಂದಳು. ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ನೆರೆಮನೆಯವರಿಂದೆಲ್ಲ ನನ್ನ ವಿಷಯ ಮುಚ್ಚಿಟ್ಟವಳು, ಪಾರ್ಕಿಂಗಿನಲ್ಲಿ ನೊರೆ ನೋಡಲು ನಿಂತ ಅಷ್ಟೂ ಜನರ ಎದುರು ನೇರ ಮೇಡಂ ಹತ್ತಿರ ಹೋಗಿ ಮರಾಠಿಯಲ್ಲಿ ಹೇಳಿದಳು:

"ಹುಡುಗೀದು ತಪ್ಪಿಲ್ಲ. ಅಕಿ ಅಳತಿ ಮಾಡಿ ಕೊಟ್ಟಿದ್ಲು. ನನಗ ಅದು ಕಮ್ಮಿ ಅನಿಸ್ತು, ನಾ ಹೆಚ್ಚಿಗಿ ಹಾಕಿಸಿದೆ."

ಮರಾಠಿಯಲ್ಲಿ ಹೇಳಿದ್ದು ನನ್ನ ಕಿವಿಗೆ ಹೀಗೆ ನಮ್ಮ ಭಾಷೆಯಲ್ಲೇ ಕೇಳಿಸಿತು.

ಬರೀ ಬೆಲ್ಲವಲ್ಲ. ಬರೀ ಸಿಹಿನೀರು ಕುಡಿದು ಯಾರಾದರೂ ಎಷ್ಟು ದಿನ ಇರುತ್ತಾರೆ ಎಂದು ಅವಳು ದಿನಾ ಮಧ್ಯಾಹ್ನ ಒಂದು ಪಾತ್ರೆ ಅನ್ನದ ಗಂಜಿ, ಜೋಳದ ಅಂಬಲಿ, ಒಂದು ದಿನ ಶ್ಯಾವಿಗೆ ಪಾಯಸವನ್ನೂ ಕಳಿಸಿದ್ದಳು. ಆಪರೇಟರ್‌ಗೆ ಒಂದು ಡಬ್ಬಿ, ಬ್ಯಾಕ್ಟೀರಿಯಾಕ್ಕೆ ಒಂದು ಪಾತ್ರೆ, ಎರಡೂ ಒಂದೇ ಚೀಲದಲ್ಲಿ ಕೆಳಗಿಳಿಯುತ್ತಿದ್ದವು. ಅವನು ತನ್ನ ಡಬ್ಬಿ ತಿಂದು, ಪಾತ್ರೆಯದನ್ನು ತೊಟ್ಟಿಗೆ ಸುರಿದು, ಎರಡನ್ನೂ ತೊಳೆದು ಮರಳಿಸುತ್ತಿದ್ದ. ಪಾಯಸದ ದಿನ ಪಾತ್ರೆಯದರಲ್ಲೂ ಸ್ವಲ್ಪ ತಾನು ತೆಗೆದುಕೊಂಡೆ ಎಂದು ಅವನು ಪ್ರಾಮಾಣಿಕವಾಗಿ ಹೇಳಿದ.

ಮೇಡಂ ಕೇಳಿಸಿಕೊಂಡರು. ಅವರ ಆ ಅಂತರ ಶುರುವಾಯಿತು. ಅತ್ಯಾನಿಗೆ ಅದರ ಅಭ್ಯಾಸವಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು, ಮತ್ತೊಮ್ಮೆ ಸರಿಮಾಡಿಕೊಂಡಳು. ಕೊನೆಗೆ ಮೇಡಂ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಗೆಯನ್ನು ನಾನು ಕಂಡದ್ದು ಅದೇ ಮೊದಲು.

"ಹಸಿವಿನ ಅಂಕಿಅಂಶ ದೀಪಾವಳಿಯಲ್ಲಿ ಸಿಕ್ಕಿತ್ತು, ಅಜೀರ್ಣದ್ದು ಈಗ ಸಿಕ್ಕಿತು. ಒಂದೇ ಪ್ಲಾಂಟಿನಲ್ಲಿ ಎರಡೂ. ಇವರನ್ನು ಸರಿಯಾಗಿ ವಿಚಾರಿಸಿ ಬರೆದುಕೋ," ಎಂದರು.

ಬ್ಯಾಕ್ಟೀರಿಯಾಕ್ಕೆ ಸಿಹಿ ಮತ್ತು ಪಿಷ್ಟ ಹೆಚ್ಚಾಗಿ, ಅದಕ್ಕೆ ತಕ್ಕ ಯೂರಿಯಾ ಇಲ್ಲದಿದ್ದರೆ, ತಿಂದದ್ದನ್ನು ಮೈಗೆ ಹಚ್ಚಿಕೊಳ್ಳಲಾರದೆ ಅವು ಅದನ್ನೇ ಲೋಳೆ ಮಾಡಿ ಹೊರಗೆ ಬಿಡುತ್ತವೆ. ಹಸಿದರೂ ಲೋಳೆ, ಉಬ್ಬರಿಸಿದರೂ ಲೋಳೆ. ಈ ಎರಡನೆಯ ತುದಿಯನ್ನು ಬೇಕೆಂದೇ ಒಂದು ಕಟ್ಟಡದ ಮೇಲೆ ಪ್ರಯೋಗ ಮಾಡಲು ಯಾವ ಕಮಿಟಿಯೂ ಒಪ್ಪುತ್ತಿರಲಿಲ್ಲ. ಅದನ್ನು ಅತ್ಯಾ ಕೇಳದೆಯೇ ಮಾಡಿಕೊಟ್ಟಿದ್ದಳು.

ವಿಚಾರಿಸಿ ಬರೆದುಕೊಳ್ಳುವುದೇ ಕಷ್ಟವಾಯಿತು. ಎಷ್ಟು ಅಂಬಲಿ ಎಂದರೆ, ಒಂದು ಸ್ವಲ್ಪ. ಎಷ್ಟು ಬೆಲ್ಲ ಎಂದರೆ, ಕೈಗೆ ಬಂದಷ್ಟು. ನಾನು ಲ್ಯಾಬಿನ ತಕ್ಕಡಿಯನ್ನು ಅವಳ ಅಡುಗೆಮನೆಗೆ ತಂದು ಇಟ್ಟು, ಒಂದು ಸ್ವಲ್ಪ ತೆಗೆದು ತೋರಿಸು ಎಂದೆ. ತೋರಿಸಿದಳು. ಇನ್ನೊಮ್ಮೆ ಎಂದೆ. ಎರಡನೆಯ ಸ್ವಲ್ಪ ಮೊದಲನೆಯದರ ಒಂದೂವರೆಯಷ್ಟಿತ್ತು. ಮೂರನೆಯದಕ್ಕೆ ಹೇಳಿದಾಗ, ಯಾರಿಗೆ ಹಾಕುವುದು, ಎಷ್ಟು ಹಸಿದಿದ್ದಾರೆ ಎಂದು ತಿಳಿಯದೆ ಸ್ವಲ್ಪ ಎಂದರೆ ಎಷ್ಟು ಹಾಕಲಿ ಎಂದು ನನ್ನನ್ನೇ ಕೇಳಿದಳು. ಮಾಮಾ ಒಳಗಿನ ಕೋಣೆಯಿಂದ, ನಾ ಇಷ್ಟು ವರ್ಷದಿಂದ ಕೇಳಾಕತ್ತೇನಿ, ನನಗೂ ತಿಳಿದಿಲ್ಲ ಎಂದರು. ಕೊನೆಗೆ ಹಲವು ಸ್ವಲ್ಪಗಳ ಸರಾಸರಿ ತೆಗೆದು, ಹೆಚ್ಚುಕಡಿಮೆಯನ್ನು ಪಕ್ಕದಲ್ಲಿ ನಮೂದಿಸಿ ಥೀಸಿಸಿಗೆ ಹಾಕಿದೆ. ಆ ಹೆಚ್ಚುಕಡಿಮೆ ನೋಡಿದ ನನ್ನ ಲ್ಯಾಬಿನವರು ಯಂತ್ರ ಕೆಟ್ಟಿದೆಯೇ ಎಂದು ಕೇಳಿದರು.

ಎಳೆಗಳ ಗೊಂಚಲುಗಳನ್ನು ಎತ್ತಿ ತೊಳೆಸಬೇಕಾಯಿತು. ಆ ದಿನ ಅತ್ಯಾ ಬೇಸ್‌ಮೆಂಟಿಗೆ ಮೊದಲ ಸಲ ಇಳಿದಳು. ಸೆರಗನ್ನು ಮೂಗಿಗೆ ಒತ್ತಿಕೊಂಡು ತೊಟ್ಟಿಯ ಕಟ್ಟೆಯ ಬಳಿ ನಿಂತು ಬಹಳ ಹೊತ್ತು ಕಂದು ನೀರನ್ನೇ ನೋಡಿದಳು. ಗುಳ್ಳೆಗಳು ಏಳುತ್ತಿದ್ದವು, ಒಡೆಯುತ್ತಿದ್ದವು. ಕಾಣಸ್ತಾವೇನು ಎಂದಳು. ಇಲ್ಲ, ಸೂಕ್ಷ್ಮದರ್ಶಕ ಬೇಕು ಎಂದೆ. ಮುಂದಿನ ವಾರ ಅವಳನ್ನು ಲ್ಯಾಬಿಗೆ ಕರೆದೊಯ್ದು ತೋರಿಸಿದೆ. ಕಣ್ಣು ಮುಚ್ಚಿ, ತೆರೆದು, ಮತ್ತೆ ಬಾಗಿ ನೋಡಿದಳು. ಓಡ್ಯಾಡ್ಲಿಕ್ಕತ್ತಾವ, ಆರಾಮ ಅದಾವ ಎಂದು ಹೇಳಿ ಬೆನ್ನು ನೆಟ್ಟಗೆ ಮಾಡಿದಳು. ಆಮೇಲೆ ಮೇಡಂ ಅವಳಿಗೆ ಚಹಾ ತರಿಸಿದರು. ನನಗೆ ಅಲ್ಲಿಯವರೆಗೆ ಆ ಕೋಣೆಯಲ್ಲಿ ಚಹಾ ಸಿಕ್ಕಿರಲಿಲ್ಲ.

ಮುಂದಿನ ದೀಪಾವಳಿಗೆ ಪೊಟ್ಟಣಗಳನ್ನು ಮತ್ತೆ ಕಟ್ಟಿದೆವು. ಈ ಸಲ ಅತ್ಯಾನೇ ತಕ್ಕಡಿಯ ಮುಂದೆ ಕೂತಳು. ಮೇಡಂ ಹೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ಒಂದು ಚೂರೂ ಹೆಚ್ಚು ಹಾಕಲಿಲ್ಲ. ಹಾಕದಿರಲು ಅವಳು ಎಷ್ಟು ಕಷ್ಟಪಟ್ಟಳೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಪರೇಟರ್ ಗಾಳಿ ಕಡಿಮೆ ಮಾಡಿ, ಬೆಲ್ಲ ಯೂರಿಯಾ ಕರಗಿಸಿ ಹಾಕಿದ. ಕಟ್ಟಡ ಖಾಲಿಯಾಯಿತು, ಮತ್ತೆ ತುಂಬಿತು. ಮುಳ್ಳು ಇದ್ದಲ್ಲಿಂದ ಸ್ವಲ್ಪವಷ್ಟೇ ಏರಿತು, ನಿಂತಿತು. ಊರಿನಿಂದ ಬಂದವರು ಫ್ಲಶ್ ಒತ್ತಿದರೆ ನೀರು ಬಂತು. ಆ ಬಗ್ಗೆ ಗ್ರೂಪಿನಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ. ನಾಲ್ಕು ದಿನ ಕಾದು ಮಾಮಾ ತಾವೇ ಒಂದು ಅಭಿನಂದನೆಯ ಸಂದೇಶ ಹಾಕಿದರು. ಅದಕ್ಕೆ ಅತ್ಯಾ ಹೆಬ್ಬೆಟ್ಟು ಒತ್ತಿದಳು.

ಥೀಸಿಸ್ ಮುಗಿದು ಓಪನ್ ಡಿಫೆನ್ಸ್ ಆದ ದಿನ ಇಬ್ಬರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲ ಮುಗಿಯುವ ಹೊತ್ತಿಗೆ ಹೊರಗಿನಿಂದ ಬಂದ ಪರೀಕ್ಷಕರು, ಇದೆಲ್ಲ ಸರಿ, ಆದರೆ ರಜೆ ಬಂದಾಗಲೆಲ್ಲ ಇವುಗಳಿಗೆ ಊಟ ಹಾಕಬೇಕೆಂಬ ನೆನಪು ಯಾರಿಗಿರುತ್ತದೆ ಎಂದು ಕೇಳಿದರು. ನಾನು ಟೈಮರ್, ಸೆನ್ಸರ್ ಎಂದು ಸಿದ್ಧಮಾಡಿಕೊಂಡಿದ್ದ ಉತ್ತರ ಹೇಳಲು ಶುರುಮಾಡಿದೆ. ಹಿಂದಿನ ಸಾಲಿನಲ್ಲಿ ಅತ್ಯಾ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಮಾಮಾ ಅವಳ ಮೊಣಕೈ ಹಿಡಿದು ಕೂರಿಸಿದರು. ಮೇಡಂ ಮಾತ್ರ ಅದನ್ನು ನೋಡಿ, ಪರೀಕ್ಷಕರಿಗೆ, ಅಂಥವರು ಇದ್ದಾರೆ ಎಂದಷ್ಟೇ ಹೇಳಿದರು.

ವಾಪಸು ಬರುವಾಗ ರಿಕ್ಷಾದಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದೆವು. ಸಿಗ್ನಲ್ ಬಿಡುತ್ತಲೇ ಇರಲಿಲ್ಲ. ಮುಂದೇನು ಮಾಡುತ್ತೀ ಎಂದು ಅತ್ಯಾ ಕೇಳಿದಳು. ಇಲ್ಲೇ ಪುಣೆ ಜಿಲ್ಲೆಯ ಶಿರೂರಿನ ಹತ್ತಿರ ಒಂದು ಕಾರ್ಖಾನೆಯ ಪ್ಲಾಂಟಿನಲ್ಲಿ ಕೆಲಸ ಸಿಗುವ ಹಾಗಿದೆ, ಅಲ್ಲಿ ಬಟ್ಟೆಗೆ ಹಾಕುವ ಬಣ್ಣದ ನೀರನ್ನು ಶುದ್ಧಮಾಡಬೇಕು, ಬ್ಯಾಕ್ಟೀರಿಯಾ ಅಲ್ಲಿಯೂ ಇರುತ್ತವೆ ಎಂದೆ.

"ಬರೇ ಬಣ್ಣಾ ತಿಂದು ಹೆಂಗ ಇರ್ತಾವ ಪಾಪ," ಎಂದಳು.

ಸಿಗ್ನಲ್ ಇನ್ನೂ ಕೆಂಪೇ ಇತ್ತು; ಮಾಮಾ ರಿಕ್ಷಾದವನಿಗೆ ಬೇಗ ನಡೆಸಲು ಹೇಳಿದರು.